ಮೇಲಿನ ಮನೆಯವಳಿಗೆ ನನ್ನ ಹೆಸರು

ಅತ್ತಿ,

ಬೆಳಗಿನ ಬಸ್ಸಿಗೆ ಚಿತ್ತಾಪುರಕ್ಕೆ ಹೊರಟಿದ್ದೇನೆ. ನಿಮಗೆ ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಲಿಲ್ಲ. ರೊಟ್ಟಿ ಡಬ್ಬಿಯಲ್ಲಿದೆ, ಪುಂಡಿಪಲ್ಯ ಬಿಸಿ ಮಾಡಿಕೊಳ್ಳಿ. ಬಿ.ಪಿ. ಗುಳಿಗೆ ತಪ್ಪಿಸಬೇಡಿ.

ಮೇಲಿನ ಮನೆಗೆ ಬಾಡಿಗೆಗೆ ಬರುವವಳು ಇವತ್ತು ಸಾಮಾನು ಇಳಿಸುತ್ತಾಳೆ. ಹೆಸರು ಲುಂಬಿನಿ, ಕಾಳಗಿಯಿಂದ ವರ್ಗವಾಗಿ ಬರುತ್ತಿದ್ದಾಳೆ. ಫೋನಿನಲ್ಲಷ್ಟೇ ಮಾತಾಡಿದ್ದೇನೆ, ನನ್ನದೇ ವಯಸ್ಸಿರಬೇಕು. ಕೀಲಿಕೈ ದೇವರ ಜಗಲಿಯ ಮೇಲಿದೆ. ಚಹಾ ಕೊಡಿ, ನಳದ ನೀರು ಯಾವಾಗ ಬರುತ್ತದೆಂದು ಹೇಳಿ.

ನನ್ನ ಮಾತು ಬಂದರೆ, "ಏನ್ ಮಾಡ್ಲಿಕ್ಕಾಗ್ತದರಿ, ಮಗ ಹೋಗಿಬಿಟ್ಟ, ಸೊಸಿ ಉಳದಾಳ" ಎಂದು ಶುರು ಮಾಡಬೇಡಿ. ಕೇಳಿದವರು "ಅಯ್ಯ, ಭಾಳ ಸಣ್ಣಾಕಿ ಅದಾಳಲ್ರಿ" ಎಂದು ಚಹಾದ ಕಪ್ಪು ಕೆಳಗಿಡುತ್ತಾರೆ. ಆಮೇಲೆ ನನ್ನ ಹೆಸರನ್ನು ಯಾರೂ ಕೇಳುವುದಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಸಾಕಾಗಿದೆ, ಅಷ್ಟೆ.

ಈ ಓಣಿಯಲ್ಲಿ ನನ್ನ ಸಂಗತಿ ಗೊತ್ತಿಲ್ಲದವಳು ಅವಳೊಬ್ಬಳೇ. ಸೊಸೆ ಭಾಗ್ಯಜ್ಯೋತಿ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ ಎಂದಷ್ಟೇ ಹೇಳಿ. ಉಳಿದದ್ದನ್ನು ನನಗೆ ಬಿಡಿ. ಸಂಜೆ ನಾನೇ ಮೇಲೆ ಹೋಗಿ ಮಾತಾಡಿಸುತ್ತೇನೆ.

ನಿಮ್ಮ ಹೆಸರೂ ಹೇಳಿ, ನೀಲಾಬಾಯಿ ಎಂದು. ಸಿದ್ದಲಿಂಗೇಶನ ಅವ್ವ ಎನ್ನದೆ ಇರಲು ನಿಮ್ಮಿಂದ ಆಗದಿದ್ದರೆ ಹಾಗೇ ಅನ್ನಿ. ಆದರೆ ಅವಳು "ಮಗ ಎಲ್ಲಿರ್ತಾರ್ರಿ ಅಮ್ಮ?" ಎಂದು ಕೇಳದೆ ಬಿಡುವುದಿಲ್ಲ. ಆಗ ಒಬ್ಬರೇ ಉತ್ತರ ಹೇಳಲು ಹೋಗಬೇಡಿ. ನನಗೆ ಫೋನ್ ಹಚ್ಚಿ. ಪಾಠ ನಡೆದಿದ್ದರೂ ಎತ್ತುತ್ತೇನೆ.

ಜ್ಯೋತಿ