ಕಾಗದದ ಮೇಲೆ ಎರಡು ಸೂರ್ಯ

ಜೂನ್ 10, ಸೋಮವಾರ
ಇವತ್ತೂ ಕಂಪ್ಯೂಟರ್ ಆನ್ ಮಾಡಿಸಲಿಲ್ಲ. ಆ್ಯಪ್ ಮಾಡಲು ಕಲಿಯುವ ಎಂಟು ಮಕ್ಕಳು, ಎಂಟು ಹಾಳೆ, ಪೆನ್ಸಿಲ್. ಮೊಬೈಲಿನಷ್ಟು ಚೌಕ ಬರೆದು, ಬಟನ್ ಎಲ್ಲಿ, ಚಿತ್ರ ಎಲ್ಲಿ — ಮೊದಲು ಕಾಗದದಲ್ಲೇ ಆಗಬೇಕು. ಆ್ಯಪ್ ಬಳಸುವವರು ಆ ಕಾಗದಕ್ಕೆ ಬೆರಳಿಟ್ಟು ತೋರಿಸಬೇಕು. ಆಮೇಲೆ ಕೋಡಿಂಗ್. ಮಧುವನಹಳ್ಳಿಯಲ್ಲಿ ಇದನ್ನು ಡ್ರಾಯಿಂಗ್ ಕ್ಲಾಸ್ ಎಂದು ಆಡಿಕೊಳ್ಳುತ್ತಾರಂತೆ. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾದ ಈ ಮೇಷ್ಟ್ರು ಇನ್ನೇನು ಕಲಿಸಿಯಾನು... ಅದನ್ನೂ ಅಂದಿರಬಹುದು.

ರಮ್ಯ ತನ್ನ ಅಜ್ಜಿ ಕೆಂಪಾಜಮ್ಮನಿಗೆ ಮಾತ್ರೆ ಆ್ಯಪ್ ಮಾಡುತ್ತಾಳೆ. ಅಜ್ಜಿಗೆ ಓದು ಬಾರದು. ಎಡಕ್ಕೆ ಹುಟ್ಟುವ ಸೂರ್ಯ, ಬಲಕ್ಕೆ ಮುಳುಗುವ ಸೂರ್ಯ. ಎರಡೂ ಅರ್ಧರ್ಧ. ಮುಟ್ಟಿದರೆ ಆ ಹೊತ್ತಿನ ಮಾತ್ರೆಯ ಫೋಟೋ. ಚೆನ್ನಾಗಿದೆ ಎಂದೆ.

ಜೂನ್ 13
ಶನಿವಾರ ಕಂಪ್ಯೂಟರ್ ಕೊಡಿಸಿದವರು ಕೊಳ್ಳೇಗಾಲದಿಂದ ಕ್ಲಾಸ್ ನೋಡಲು ಬರುತ್ತಾರೆ. ಫೋನಿನಲ್ಲಿ ಓಡುವ ಆ್ಯಪ್ ಒಂದಾದರೂ ಬೇಕು. ಇಲ್ಲದಿದ್ದರೆ ಏನಂದುಕೊಂಡಾರು.
"ಸಾ, ಅಜ್ಜಿ ಇನ್ನೂ ಬೆರಳಿಟ್ಟಿಲ್ಲ," ಎಂದಳು ರಮ್ಯ.
ಪರವಾಗಿಲ್ಲ, ಕೋಡಿಂಗ್ ಶುರು ಮಾಡು ಎಂದೆ. ನಾನೇ.

ಜೂನ್ 15, ಶನಿವಾರ
ಬಂದವರು ರಮ್ಯಳ ಆ್ಯಪ್ ನೋಡಿ ತಲೆದೂಗಿದರು. ಅವಳು ಸಂಜೆಯ ಬಸ್ಸಿಗೆ ಯಳಂದೂರಿಗೆ, ಚಿಕ್ಕಮ್ಮನ ಮನೆಗೆ. ಎರಡು ದಿನ. ಫೋನು ಅಜ್ಜಿಯ ಹತ್ತಿರ.

ಜೂನ್ 19
ಭಾನುವಾರ ಕೆಂಪಾಜಮ್ಮ ಸಂಜೆಯ ಮಾತ್ರೆಯನ್ನು ಬೆಳಿಗ್ಗೆ ನುಂಗಿದ್ದಾರೆ. ಬೆಳಗಿನ ಶುಗರ್ ಮಾತ್ರೆಯನ್ನು ಸಂಜೆ. ಉಣ್ಣದೆ ಮಲಗಿದವರು ಸೋಮವಾರ ಬೆಳಿಗ್ಗೆ ಎಚ್ಚರವಿಲ್ಲದೆ ಬಿದ್ದಿದ್ದರು. ಮಗ ಶಂಕರ್ ಆಟೋದಲ್ಲಿ ಕೊಳ್ಳೇಗಾಲಕ್ಕೆ ಒಯ್ದ. ಶುಗರ್ ತೀರಾ ಇಳಿದಿತ್ತಂತೆ, ಗ್ಲೂಕೋಸ್ ಹಾಕಿದರು. ಇವತ್ತು ಮನೆಗೆ ಬಂದಿದ್ದಾರೆ.

ರಮ್ಯ ಕ್ಲಾಸಿಗೆ ಬರುತ್ತಿಲ್ಲ. ಅಜ್ಜಿಯನ್ನು ತಾನೇ ಬೀಳಿಸಿದೆ ಎಂದು ಅಳುತ್ತಾಳಂತೆ. ಹೋಗಿ ಹೇಳಬೇಕು. ಧೈರ್ಯ ಸಾಲದು.

ಜೂನ್ 23, ಸಂಜೆ 6
ಹೋಗಿಬಂದೆ. ಕೆಂಪಾಜಮ್ಮ ಜಗಲಿಯಲ್ಲಿದ್ದರು, ಬಡಗಲಿಗೆ ಮುಖ ಮಾಡಿ. ಆ ಮನೆಯ ಬಾಗಿಲೇ ಉತ್ತರಕ್ಕೆ. ತಪ್ಪು ನನ್ನದು, ರಮ್ಯಳದ್ದಲ್ಲ ಎಂದೆ. ಹಳೇ ಹಾಳೆಯನ್ನು ಮುಂದಿಟ್ಟೆ. ಹುಟ್ಟುವ ಸೂರ್ಯ ಯಾವುದು ಎಂದರೆ ಬಲಗಡೆಯದಕ್ಕೆ ಬೆರಳಿಟ್ಟರು.
"ಬಲಕ್ಕಲ್ವಾ ಮೂಡ್ಲು? ಪಡುವ್ಲಲ್ಲಿ ಎಲ್ಲಾದ್ರೂ ಒತ್ತು ಉಟ್ಟದಾ, ಮೇಷ್ಟ್ರೇ?"

ಅವರು ಸರಿಯಾಗಿಯೇ ನೋಡಿದ್ದರು. ಬಡಗಲಿಗೆ ಮುಖ ಮಾಡಿ ಕೂತವರಿಗೆ ಸೂರ್ಯ ಹುಟ್ಟುವುದು ಬಲಕ್ಕೇ. ಎಡದಿಂದ ಓದುವುದು ನಮ್ಮ ಅಭ್ಯಾಸ. ಕಾಗದದಲ್ಲೇ ಕೇಳಿದ್ದರೆ ಒಂದು ರಬ್ಬರಿನ ಕೆಲಸ.

ಬಾಗಿಲ ಹಿಂದಿದ್ದ ರಮ್ಯ ಬಂದು ಎರಡೂ ಸೂರ್ಯರನ್ನು ಅಳಿಸಿದಳು. ಬೆಳಿಗ್ಗೆಗೆ ಏನು ಬರೆಯಲಿ ಎಂದು ಅಜ್ಜಿಯನ್ನೇ ಕೇಳಿದಳು.
"ಕೋಳಿ ಬರಿ. ಸಂಜ್ಗೆ ದೀಪ."

ರಮ್ಯ ಎರಡನ್ನೂ ಬರೆದಳು. ಹಾಳೆಯನ್ನು ಎಡಬಲ ಬದಲಾಗುವಂತೆ ತಿರುಗಿಸಿಟ್ಟು ಕೇಳಿದೆವು, ಸಂಜೆಯದು ಯಾವುದು. ಬೆರಳು ದೀಪದ ಮೇಲೆ ನಿಂತಿತು.

ಕೋಡಿಂಗ್ ಮಾಡ್ಲಾ ಸಾ, ಎಂದಳು ರಮ್ಯ. ಬೇಡ ಎಂದೆ. ನಾಳೆ ಇನ್ನೊಂದು ಸಲ ಬೆರಳಿಡಲಿ. ನಾಡಿದ್ದೂ ಇನ್ನೊಂದು ಸಲ. ಆಮೇಲೆ ಕೋಡಿಂಗ್.