ಮದುಮಗಳಿಗೆ ತಂದ ಸಕ್ಕರೆ

ಟಾಂಜಿಯರ್, ಹಳೆಯ ಊರು
ಗುರುವಾರ, ೫ ನವೆಂಬರ್ ೧೯೯೮

ಪ್ರೀತಿಯ ಸಾದಿಯಾ,

ನಿನಗೂ ನಿನ್ನ ಮೊಮ್ಮಕ್ಕಳಿಗೂ ಸಲಾಂ. ನಿನ್ನ ಕಾಗದಗಳೆಲ್ಲ ಬಂದು ತಲುಪಿವೆ, ಒಂದಕ್ಕೂ ಉತ್ತರ ಬರೆಯದ್ದಕ್ಕೆ ಕ್ಷಮಿಸು. ಬಯ್ಯಬೇಕೆನಿಸಿದರೆ ಬಯ್ದುಬಿಡು. ಬಯ್ಯುವವರೂ ಇಲ್ಲದೆ ಈ ಮನೆ ಬಿಕೋ ಎನ್ನುತ್ತಿದೆ.

ಎಲ್ಲ ಕಾಗದದಲ್ಲೂ ಒಂದೇ ಮಾತು ಬರೆದಿದ್ದೀಯ. ಬಿಳಿ ಬಿಚ್ಚಿದ ದಿನವೇ ರೈಲು ಹತ್ತು, ಅಸೀಲಾಕ್ಕೆ ಬಾ, ರೊಟ್ಟಿ ಅಂಗಡಿಯಲ್ಲಿ ನನ್ನ ಜೊತೆ ಕೈ ಹಾಕು, ಮಹಡಿಯ ಕೋಣೆ ನಿನ್ನದೇ ಎಂದು. ಆ ಕೋಣೆಯ ಕಿಟಕಿಗೆ ಪರದೆ ಯಾವ ಬಣ್ಣದ್ದು ಬೇಕು ಎಂದು ಬೇರೆ ಕೇಳಿದ್ದೀಯ. ಏನು ಹೇಳಲಿ ಮಾರಾಯ್ತಿ, ಬಿಳಿ ಇನ್ನೂ ನನ್ನ ಮೈಮೇಲೇ ಇದೆ. ನೀನೂ ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಬಿಳಿಯುಟ್ಟು, ಹೊಸ್ತಿಲು ದಾಟದೆ ಇದ್ದತ್ ಕೂತು ಎದ್ದವಳು. ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಿನಗಾದರೆ ಆಗ ತಾರಸಿಯಿತ್ತು. ನನಗೆ ಅದೂ ಇಲ್ಲ. ನಾವು ಗೋಡೆ ಹಾರಿ ಅಂಜೂರ ಕದಿಯುತ್ತಿದ್ದೆವಲ್ಲ, ಆ ಪಕ್ಕದ ಮನೆಯನ್ನು ಲಾರ್ಬಿ ಕೊಂಡು ಪ್ರವಾಸಿಗರ ವಸತಿಗೃಹ ಮಾಡಿದ್ದಾನೆ. ತಾರಸಿ ಹೆಂಗಸರದ್ದು ಎಂದು ಅವರಿಗೆ ಹೇಳುವವರು ಯಾರು? ನಮ್ಮ ಗಂಡಸರು ಮೆಟ್ಟಿಲಲ್ಲೇ ನಿಂತು ಕೆಮ್ಮಿ ಮೇಲೆ ಬರುತ್ತಾರೆ. ಇವರು ಚಡ್ಡಿಯಲ್ಲಿ, ಕೈಯಲ್ಲಿ ಕಾಫಿ ಹಿಡಿದು ಬಂದು ನಿಂತುಬಿಡುತ್ತಾರೆ. ಸ್ಪೇನಿನ ಬೆಟ್ಟ ನೋಡಿ, ಹಡಗು ನೋಡಿ, ಆಮೇಲೆ ನನ್ನನ್ನು ನೋಡುತ್ತಾರೆ. ಒಣಗಿಸಲು ಹಾಕಿದ ಬಟ್ಟೆಯ ಹಿಂದೆ ಎಷ್ಟು ಹೊತ್ತು ಅಂತ ಅಡಗಲಿ?

ಅವರ ಪಾಡೂ ಪಾಪ ಸುಖದ್ದಲ್ಲ. ಬಂದರಿಗೆ ಹೊರಟವರು ಓಣಿ ಓಣಿ ಸುತ್ತಿ ಕೊನೆಗೆ ನಮ್ಮ ಬಾಗಿಲಿಗೇ ಬಂದು ಮುಟ್ಟುತ್ತಾರೆ. ದಾರಿ ತೋರಿಸಿಯೇ ಹೊಟ್ಟೆ ಹೊರೆಯುವ ಆ ಬೂಶ್ತಾ ಗೊತ್ತಲ್ಲ, ಈಗಲೂ ಕವಲಿನಲ್ಲಿ ನಿಂತಿರುತ್ತಾನೆ. ‘ಎಲ್ಲಿಗೆ ಮದಾಮ್? ಎಲ್ಲಿಗೆ?’ ಎಂದು ಬೆನ್ನು ಹತ್ತುತ್ತಾನೆ. ಒಬ್ಬಳು ರೇಗಿ ‘ಎಲ್ಲಿಗೂ ಇಲ್ಲ’ ಎಂದದ್ದಕ್ಕೆ, ‘ಎಲ್ಲಿಗೂ ಇಲ್ವಾ, ಅದಕ್ಕೆ ಈ ಕಡೆ ಹೋಗ್ಬೇಕು, ಬನ್ನಿ’ ಎಂದನಂತೆ. ಲಾರ್ಬಿಯ ಮನೆಗೆಲಸದವಳು ಗೋಡೆಯಾಚೆಯಿಂದ ಹೇಳಿದಾಗ ನಗು ತಡೆಯಲಾಗಲಿಲ್ಲ.

ಈ ಬೇಸಿಗೆಯಲ್ಲಿ ಎಲ್ವೀರಾ ಎಂಬವಳು ಬಂದಿದ್ದಳು. ಅರ್ಜೆಂಟೀನಾದವಳು, ನಮ್ಮದೇ ವಯಸ್ಸು, ಒಬ್ಬಳೇ, ದಾಳಿಂಬೆ ಬಣ್ಣದ ಪ್ಯಾಂಟು. ದಿನಾ ಸಂಜೆ ತಾರಸಿಯಿಂದ ನನಗೆ ಕೈ ಬೀಸುತ್ತಿದ್ದಳು. ಮೊದಮೊದಲು ಮುಖ ತಿರುಗಿಸುತ್ತಿದ್ದೆ. ಆಮೇಲಾಮೇಲೆ ಅವಳು ಬರುವ ಹೊತ್ತಿಗೆ ಮೇಲೆ ಹೋಗಲು ಏನಾದರೊಂದು ನೆಪ ಹುಡುಕತೊಡಗಿದೆ.

ಒಂದು ಶುಕ್ರವಾರ ಬಾಗಿಲು ಬಡಿದ ಸದ್ದಾಯಿತು. ನನ್ನ ಗಂಡ ಅಬ್ಸಲಾಂನ ಅಕ್ಕ ರಹೀಮೊ ಆಗ ನನ್ನ ಕಾವಲಿಗೆ ಇಲ್ಲೇ ಇದ್ದಳು. ಅವಳೇ ತೆರೆದಳು. ಹೊರಗೆ ಎಲ್ವೀರಾ, ಎದೆಗೆ ಕೂಸಿನಂತೆ ಅವಚಿಕೊಂಡ ಸಕ್ಕರೆ ಅಚ್ಚು, ನೇರಳೆ ಕಾಗದ ಸುತ್ತಿದ್ದು. ರಹೀಮೊಳ ಮುಖ ಅರಳಿತು.

‘ನೋಡೇ ತಾಮೂ, ಎಲ್ಲಿಂದಲೋ ಬಂದವಳು, ಸಾವಿನ ಮನೆಗೆ ಸಕ್ಕರೆ ತರ್ಬೇಕು ಅಂತ ತಿಳ್ಕೊಂಡು ಬಂದಿದ್ದಾಳೆ. ನಿನ್ನ ತವರಿನವರು ಕೈ ಬೀಸ್ಕೊಂಡು ಬಂದಿದ್ರು.’

ಅಷ್ಟರಲ್ಲಿ ಎಲ್ವೀರಾ, ಅಂಗಡಿಯವನ ಹತ್ತಿರ ಕಲಿತು ಬಂದಿದ್ದ ನಮ್ಮ ಮಾತಿನಲ್ಲಿ, ತಡವರಿಸುತ್ತ ಹೇಳಿದಳು: ‘ಮದುಮಗಳಿಗೆ ಮುಬಾರಕ್.’

ತಲೆವಸ್ತ್ರದಿಂದ ಕಾಲುಚೀಲದವರೆಗೆ ಬಿಳಿಯುಟ್ಟು ಮನೆಯಿಂದ ಹೊರಬಾರದವಳು ಹೊಸ ಮದುಮಗಳಲ್ಲದೆ ಇನ್ಯಾರು ಎಂದುಕೊಂಡಿದ್ದಾಳೆ, ಪುಣ್ಯಾತ್ಗಿತ್ತಿ. ಮದುವೆ ಮನೆಗೆ ಏನು ಒಯ್ಯಬೇಕೆಂದು ಅಂಗಡಿಯವನನ್ನು ಕೇಳಿದ್ದಾಳೆ, ಅವನು ಸಕ್ಕರೆ ಕೊಟ್ಟಿದ್ದಾನೆ. ಮದುವೆಗೂ ಅದೇ ಅಚ್ಚು, ಸಾವಿಗೂ ಅದೇ ಅಚ್ಚು. ರಹೀಮೊ ಆಗಲೇ ಸಕ್ಕರೆಯನ್ನು ಕೈಗೆ ತೆಗೆದುಕೊಂಡಿದ್ದಳು. ನನಗೆ ನಗು ಬಂತು ಸಾದಿಯಾ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ ನಕ್ಕೆ.

‘ಥೂ, ಗೋರಿ ಮಣ್ಣು ಇನ್ನೂ ಹಸಿ ಇದೆ’ ಎಂದಳು ರಹೀಮೊ. ಸಕ್ಕರೆಯನ್ನು ಮಾತ್ರ ಕೆಳಗಿಡಲಿಲ್ಲ.

ಹುಡುಗಿಯಾಗಿದ್ದಾಗ ಆ ಸ್ಪೇನಿನ ಹೆಂಗಸಿನ ಮನೆಯಲ್ಲಿ ಪಾತ್ರೆ ತಿಕ್ಕಿ ಕಲಿತ ಮಾತು ನನಗಿನ್ನೂ ಮರೆತಿರಲಿಲ್ಲ. ಎಲ್ವೀರಾಳ ಮಾತೂ ಅದೇ, ಈ ಬಿಳಿ ಏತಕ್ಕೆಂದು ಅದರಲ್ಲೇ ತಿಳಿಸಿದೆ. ಎಲ್ವೀರಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಓಡಿಹೋಗುತ್ತಿದ್ದಳೇನೋ, ನಾನೇ ಅವಳ ಅಂಗಿಯ ತುದಿ ಹಿಡಿದು ಒಳಗೆ ಕೂರಿಸಿದೆ. ಅವಳ ಸಕ್ಕರೆಯನ್ನೇ ಒಡೆದು ಪುದೀನ ಚಹಾ ಮಾಡಿದೆ. ರಹೀಮೊ ಮೂಲೆಯಲ್ಲಿ ಮಣಿಸರ ತಿರುಗಿಸುತ್ತ ಎರಡು ಕಿವಿಯನ್ನೂ ನಮ್ಮ ಕಡೆಗೇ ಇಟ್ಟಿದ್ದಳು.

‘ನನ್ನ ಗಂಡನೂ ಹೋಗಿ ಒಂದು ವರ್ಷ ಆಯ್ತು’ ಎಂದಳು ಎಲ್ವೀರಾ. ‘ಅವನಿಲ್ಲದ ಮನೇಲಿ ಇರೋಕಾಗ್ಲಿಲ್ಲ. ಮಾರಿಬಿಟ್ಟೆ. ಊರೂರು ತಿರುಗ್ತಿದ್ದೀನಿ. ಎಲ್ಲಿ ಹೋದ್ರೂ ಮೂರನೇ ದಿನಕ್ಕೆ ಕೋಣೆ ಕತ್ತು ಹಿಸುಕುತ್ತೆ, ಮತ್ತೆ ಪೆಟ್ಟಿಗೆ ಕಟ್ತೀನಿ.’

‘ಒಳ್ಳೇದಾಯ್ತಲ್ಲ, ಹೋಗೋಕೆ ಊರುಗಳಾದ್ರೂ ಇವೆ’ ಎಂದೆ.

‘ನಿನ್ನ ಗಂಡ ಒಳ್ಳೆಯವನಾ?’

ಹೀಗೆ ನನ್ನನ್ನು ಯಾರೂ ಕೇಳಿರಲಿಲ್ಲ. ‘ಕೈ ಎತ್ತಿದವನಲ್ಲ’ ಎಂದೆ. ‘ಬಾಗಿಲ ಹತ್ರ ಹೋದ್ರೆ “ಎಲ್ಲಿಗೆ?” ಅಂತಿದ್ದ. ಅಷ್ಟೇ.’

ಎಲ್ವೀರಾ ಲೋಟ ತಿರುಗಿಸುತ್ತ ಕೂತಳು. ‘ನಿನಗೆ ಒಂದು ಅನುಕೂಲ ಇದೆ ನೋಡು. ದುಃಖ ಯಾವತ್ತು ಮುಗೀಬೇಕು ಅಂತ ನಿಮ್ಮವರು ದಿನ ಗೊತ್ತು ಮಾಡಿಟ್ಟಿದ್ದಾರೆ. ಆ ದಿನ ಬಂದ್ರೆ ಬಾಗಿಲು ತೆಗೆದು ಹೊರಟುಬಿಡ್ತೀಯ. ನನಗೆ ಯಾರೂ ಹೇಳ್ಲಿಲ್ಲ, ಎಲ್ಲಿಗೆ ನಿಲ್ಲಿಸ್ಬೇಕು ಅಂತ.’

ರಹೀಮೊ ಮೂಲೆಯಿಂದ, ‘ಏನಂತಾಳೆ ಅವಳು?’ ಎಂದಳು.

‘ಚಹಾ ಚೆನ್ನಾಗಿದೆ ಅಂತಾಳೆ.’

‘ಅಷ್ಟುದ್ದ ಹೇಳಿದ್ಲಲ್ಲೇ.’

‘ತುಂಬಾ ಚೆನ್ನಾಗಿದೆಯಂತೆ.’

ಎರಡು ದಿನ ಬಿಟ್ಟು ಅವಳು ಹಡಗು ಹತ್ತಿದಳು. ಮೇಲಿನ ಅಟ್ಟದಲ್ಲಿ ನಿಂತು ಕೈ ಬೀಸುತ್ತೇನೆ ಎಂದಿದ್ದಳು. ತಾರಸಿಗೆ ಹೋಗಿ ನೋಡಿದರೆ ಹಡಗಿನಲ್ಲಿ ಇದ್ದವರೆಲ್ಲ ಕೈ ಬೀಸುತ್ತಿದ್ದರು. ನಾನೂ ಎಲ್ಲರಿಗೂ ಬೀಸಿದೆ. ಆಮೇಲೆ ಕೆಳಗಿಳಿದು ಬಂದು ಬಾಗಿಲಿನ ಅಗುಳಿಯನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಅವಳ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಈಗ ಪೂರ್ವದ ಗಾಳಿ ಶುರುವಾಗಿದೆ. ಕಿಟಕಿ ತೆರೆದರೆ ಬಂದರಿನ ಮೀನಿನ ವಾಸನೆ, ಮುಚ್ಚಿದರೆ ನನ್ನದೇ ಅಡಿಗೆಯ ವಾಸನೆ. ಅವರೆಬೇಳೆ ಸಾರು ಮಾಡುತ್ತೇನೆ, ಒಬ್ಬಳೇ ಎರಡು ದಿನ ತಿನ್ನುತ್ತೇನೆ. ರೊಟ್ಟಿಯ ಹಿಟ್ಟನ್ನು ಲಾರ್ಬಿಯ ಮನೆಗೆಲಸದವಳು ಒಯ್ದು ಬೇಯಿಸಿ ತರುತ್ತಾಳೆ. ನಿನ್ನ ಮಂಡಿನೋವು ಹೇಗಿದೆ? ಒಲೆಯ ಮುಂದೆ ನಿಂತೇ ಇರಬೇಡ. ನಿನ್ನ ಕೈಗೆ ಬರಕತ್ತು ಇರಲಿ, ನಿನ್ನ ಒಲೆ ಎಂದೂ ಆರದಿರಲಿ, ಮೊಮ್ಮಕ್ಕಳು ನಿನ್ನ ಕಣ್ಣೆದುರು ಬೆಳೆಯಲಿ.

ನಿನ್ನ
ತಾಮೂ

ಮತ್ತೊಂದು ಮಾತು: ಅಂಟು ಹಾಕಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ನೀನು ಲೆಕ್ಕದಲ್ಲಿ ಜಾಣೆ, ಇಷ್ಟು ಹೊತ್ತಿಗೆ ಎಣಿಸಿಬಿಟ್ಟಿರುತ್ತೀಯ. ನನ್ನ ಇದ್ದತ್ ಆಗಸ್ಟಿನಲ್ಲೇ ಮುಗಿಯಿತು. ರಹೀಮೊ ಹಮ್ಮಾಮಿಗೆ ಕರೆದೊಯ್ದು, ಮೈ ತಿಕ್ಕಿ ತೊಳೆದು, ಬಿಳಿ ಬಿಚ್ಚಿಸಿ, ಹಸಿರು ಉಡಿಸಿ, ತನ್ನ ಮನೆಗೆ ಹೋದಳು. ಮಾರನೆಯ ದಿನ ಚೀಲ ಹಿಡಿದು ರೈಲಿಗೆಂದೇ ಹೊರಟೆ. ನಿನಗೆ ಹೇಳದೆ ಬಂದು ಬೆಚ್ಚಿಬೀಳಿಸುವ ಆಸೆ. ಕವಲಿನವರೆಗೆ ಹೋದೆ. ಹುಟ್ಟಿದಾಗಿನಿಂದ ಇದೇ ಓಣಿಯಲ್ಲಿದ್ದವಳಿಗೆ ನಿಲ್ದಾಣ ಯಾವ ಕಡೆ ಎಂದು ಗೊತ್ತಾಗಲಿಲ್ಲ ಸಾದಿಯಾ. ಎಂದೂ ಒಬ್ಬಳೇ ಹೋದವಳಲ್ಲ, ಗಂಡನ ಬೆನ್ನು ನೋಡಿಕೊಂಡು ನಡೆದವಳು. ಪ್ರವಾಸಿಗಳ ಹಾಗೆ ಅತ್ತ ಇತ್ತ ನೋಡುತ್ತ ನಿಂತೆ. ಬೂಶ್ತಾ ನನ್ನ ಗುರುತು ಹಿಡಿಯದೆ ಹತ್ತಿರ ಬಂದ. ‘ಎಲ್ಲಿಗೆ ಮದಾಮ್?’ ಎಂದ. ಅಬ್ಸಲಾಂ ಕೇಳುತ್ತಿದ್ದ ಅದೇ ಮಾತು. ಬಾಯಿಗೆ ಅಸೀಲಾ ಬರಲಿಲ್ಲ. ‘ಎಲ್ಲಿಗೂ ಇಲ್ಲ’ ಎಂದು ಮನೆಗೆ ಓಡಿ ಬಂದು ಅಗುಳಿ ಹಾಕಿದೆ. ಸಂಜೆ ನಾನೇ ಬಿಳಿಯನ್ನು ತೆಗೆದು ಮತ್ತೆ ಉಟ್ಟುಕೊಂಡೆ. ಬಿಳಿಯುಟ್ಟು ಒಳಗೆ ಕೂತವಳನ್ನು ಏಕೆ ಹೊರಗೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಪರದೆ ನೀಲಿ ಬಣ್ಣದ್ದೇ ಇರಲಿ. ನೀನೇ ಬಂದು ಕರೆದುಕೊಂಡು ಹೋಗು. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಎಲ್ಲಿಗೆ ಎಂದು ತಮಾಷೆಗೂ ಕೇಳಬೇಡ.