ಅಸಾರೆಯ ಬಾಗಿಲಲ್ಲಿ ಹಿಡಿದ ಬೆನ್ನು

ಕುಮಾಸಿ ಪಟ್ಟಣದಲ್ಲಿರುವ ಅಕ್ಕನಿಗೆ ಒದುರೊನ ನಮಸ್ಕಾರ. ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಡಿಸ್ಕ್ ಜಾರಿದ ಬೆನ್ನಿಗೆ ಭಾರ ಹೊರಿಸಬೇಡ ಎಂದು ನೀನು ಹೇಳಿದ್ದೆ, ನಾನು ಕೇಳಲಿಲ್ಲ. ನನ್ನ ಹೆಂಡತಿಯ ಸೋದರಮಾವ ಉಂಡು ಮಲಗಿದವನು ಮತ್ತೆ ಏಳಲಿಲ್ಲ. ಕೊಂದವರು ಯಾರೆಂದು ಅವಳ ಊರಲ್ಲಿ ಇನ್ನೂ ಹೆಣವನ್ನೇ ಕೇಳುತ್ತಾರೆ. ಶವಪೆಟ್ಟಿಗೆ ಹೊತ್ತು ಬೀದಿ ಸುತ್ತುವಾಗ ಹೊತ್ತವರ ಕಾಲು ಯಾರ ಬಾಗಿಲಲ್ಲಿ ನಿಲ್ಲುತ್ತದೋ ಅವನೇ ಕೊಂದವನು. ಅಳಿಯನಾದ ನಾನು ಹೆಗಲು ಕೊಡಲೇಬೇಕಾಯಿತು. ಪಕ್ಕದ ಮನೆಯ ಅಸಾರೆಯ ಬಾಗಿಲಿಗೆ ಬಂದಾಗ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿದಂತಾಗಿ ನಿಂತುಬಿಟ್ಟೆ. ಪೆಟ್ಟಿಗೆಯೂ ನಿಂತಿತು. ಡೋಲಿನ ಸದ್ದೂ ನಿಂತಿತು.

"ನನ್ನ ಬೆನ್ನು ಹಿಡ್ಕೊಂಡಿದೆ ಕಣ್ರೋ, ಹೆಣ ನಿಲ್ಲಿಸಿದ್ದಲ್ಲ!" ಎಂದು ಕೂಗಿದೆ.

"ಹೆಣ ಬೆನ್ನು ಹಿಡೀದೆ ಇನ್ನೇನು ಹಿಡಿಯುತ್ತೆ ಅಳಿಯಾ?" ಎಂದು ಮುದುಕಿಯೊಬ್ಬಳು ನಕ್ಕಳು.

ಅಲುಗಾಡಲಾರದ ನನ್ನನ್ನು ಅಸಾರೆಯ ಮನೆಯೊಳಗೇ ಮಲಗಿಸಿದರು. ಶುಕ್ರವಾರ ಹಿರಿಯರು ಅವನನ್ನು ವಿಚಾರಿಸುತ್ತಾರೆ. ಡಿಸ್ಕಿನ ಸಂಗತಿ ಹೇಳಿ ಅವನನ್ನು ಉಳಿಸಬೇಕೆಂದಿದ್ದೆ. ನನ್ನ ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟು, ಸೊಂಟಕ್ಕೆ ಬಿಸಿ ಬಟ್ಟೆಯ ಶಾಖ ಕೊಟ್ಟವನೂ ಅವನೇ, ಪಾಪ. ನೋವು ಕೊಂಚ ಇಳಿದಿದೆ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಆ ಸತ್ತವನು ಬಾಗಿಲು ತೋರಿಸಿ ಸುಮ್ಮನಾದ್ನಾ, ಇಲ್ಲ ಎಲ್ಲಾ ಹೇಳ್ಬಿಟ್ನಾ?"

ಸೊಂಟದ ಪಟ್ಟಿ ಕಳಿಸಬೇಡ ಅಕ್ಕಾ, ಭಾವನನ್ನೇ ಗಾಡಿ ಸಮೇತ ಕಳಿಸು. ಈ ಕಾರ್ಡು ಬಸ್ಸಿನವನ ಕೈಯಲ್ಲಿ ಬರುತ್ತದೆ. ಹೊಟ್ಟೆ ಹಸಿದು ಸಾಯುತ್ತಿದ್ದೇನೆ. ಅಸಾರೆ ತಂದಿಟ್ಟ ಸೂಪು ತಲೆದೆಸೆಯಲ್ಲಿ ಹಾಗೇ ತಣ್ಣಗಾಗಿದೆ.

ನಿನ್ನ ಒದುರೊ